ರೊಕ್ಕದ ಪಾಠ

ಪುಸ್ತಕದಲ್ಲಿ ರಾಧಾಳ ಬಳಿ ನೂರು ರೂಪಾಯಿ ಇದೆ.
ಹದಿನೆಂಟು ರೂಪಾಯಿಯ ಐದು ಪೆನ್ನು ಕೊಂಡಳು.
ಉಳಿದ ಹಣವೆಷ್ಟು?
ಕರಿಹಲಗೆಯ ಮೇಲೆ ಬರೆದು ತಿರುಗಿದೆ.
ನಾಲ್ಕನೇ ತರಗತಿ, ಮೂವತ್ತೊಂದು ಮಕ್ಕಳು,
ಶಹಾಬಾದದ ಫರಸಿಗೆ ಫರಸಿಯ ಹಾಗೆ ಕೂತಿದ್ದಾರೆ.
ಲೆಕ್ಕ ಓದುವ ಮೊದಲೇ ಹಿಂದಿನಿಂದ ಒಂದು ದನಿ:
"ಕೂಡಸೂದೋ ಕಳಿಯೂದೋ, ಟೀಚರ್?"

ನಾನೇ ಕಲಿಸಿದ್ದು ಅದು.
'ಒಟ್ಟು' ಅಂತ ಬಂದರೆ ಕೂಡು, 'ಉಳಿದ' ಅಂತ ಬಂದರೆ ಕಳೆ.
ಕಲಬುರಗಿಯ ತರಬೇತಿಯಲ್ಲಿ ಚಹಾದ ಜೊತೆ
ನನಗೂ ಹಾಗೇ ಕೊಟ್ಟಿದ್ದರು.

ಮಲ್ಕಣ್ಣ ಎದ್ದ. ಅಂಗಿಯ ಗುಂಡಿಯ ಜಾಗದಲ್ಲಿ ಪಿನ್ನು.
"ರಾಧಾ ಯಾರ ಮಗಳ್ರಿ?"
ಗೊತ್ತಿಲ್ಲಪ್ಪ.
"ಯಾರ ಅಂಗಡಿಗಿ ಹೋಗಿದ್ಲು?"
ಅದನ್ನೂ ಬರೆದಿಲ್ಲ.
"ಚಂದೂಸಾಬನ ಅಂಗಡಿಗಾದ್ರ, ಉಳಿದ ಹತ್ತಕ್ಕ
ಹತ್ತರ ಬಿಲ್ಲಿ ಕೊಡ್ತಾನ್ರಿ. ಕೊಡ್ತಾನ, ತಿರುಗಿ ತಗೊಳ್ಳಂಗಿಲ್ಲ.
ಯಾರೂ ತಗೊಳ್ಳಂಗಿಲ್ಲ. ಅಂದ್ರ ಉಳದದ್ದು ಸೊನ್ನಿ."

ನನ್ನ ಪರ್ಸಿನಲ್ಲಿ ಅಂಥವು ಮೂರು ಬಿಲ್ಲೆಗಳಿದ್ದವು.
ತಪ್ಪು ಎನ್ನಲು ಬಾಯಿ ಬರಲಿಲ್ಲ.

ಮರುದಿನ ತರಗತಿಯಲ್ಲೇ ಅಂಗಡಿ ಇಟ್ಟೆ.
ಹುಣಸೆಬೀಜ ಒಂದಕ್ಕೆ ಒಂದು ರೂಪಾಯಿ,
ಹತ್ತು ತುಂಬಿದರೆ ಒಂದು ಬೆಂಕಿಪೊಟ್ಟಣ,
ಹತ್ತು ಪೊಟ್ಟಣಕ್ಕೆ ಒಂದು ಚಹಾಪುಡಿ ಡಬ್ಬಿ.
ಹಳೇ ಲಗ್ನಪತ್ರಿಕೆಗಳನ್ನು ದುಂಡಗೆ ಕತ್ತರಿಸಿ
ರಾತ್ರಿ ಕೂತು ಮಾಡಿದ್ದೆ ಖಡಕ್ ರೊಟ್ಟಿ.
ಒಂದೊಂದರ ಬೆನ್ನಿಗೆ ಯಾರದೋ ಮುಹೂರ್ತ.

ಗಲ್ಲೆಗೆ ಜಗದೇವಿ.
ಅವಳ ಅವ್ವ ಸ್ಟೇಷನ್ ದಾರಿಯಲ್ಲಿ ರೊಟ್ಟಿ ಮಾರುತ್ತಾಳೆ.
ಅವಳ ವಹಿಯಲ್ಲಿ ಉತ್ತರಗಳಷ್ಟೇ ಇರುತ್ತವೆ;
ಪುಟಪುಟಕ್ಕೂ ನನ್ನ ಕೆಂಪು ಶಾಯಿ: ಹಂತಗಳು ಎಲ್ಲಿ?
ಗಿರಾಕಿ ಇಮ್ತಿಯಾಜ, ಕೊರಳಿಗೆ ಟವೆಲ್ ಸುತ್ತಿ
ಕಲ್ಲಿನ ಲಾರಿಯ ಡ್ರೈವರನಾಗಿ ಬಂದ:
"ಹನ್ನೆರಡು ಕೊಡು. ಒಂದಕ್ಕೆಷ್ಟು?"
"ಎಂಟು."
ಚಹಾಡಬ್ಬಿ ಟಣ್ಣೆಂದು ಇಟ್ಟ.
ಅವಳು ಬೆರಳು ಮಡಚಲಿಲ್ಲ, ತುಟಿ ಅಲ್ಲಾಡಲಿಲ್ಲ.
ಹನ್ನೆರಡು ಎಣಿಸಿ, ಹದಿಮೂರನೆಯದನ್ನು ಎತ್ತಿ
ಚರ್ರನೆ ಎರಡು ಮಾಡಿ
ಒಂದು ಚೂರು ಅವನ ಕೈಗಿಟ್ಟಳು.

ಅಷ್ಟರಲ್ಲಿ ಗೂಡ್ಸ್ ಗಾಡಿ ಹಾಯಿತು.
ಅದು ಮುಗಿಯುವ ತನಕ ಇಲ್ಲಿ ಯಾರೂ ಮಾತಾಡುವುದಿಲ್ಲ.

ಏನವ್ವ ಇದು, ನಾಲ್ಕು ಬೀಜ ಕೊಡಬೇಕಲ್ಲ?
"ಮುಂಜಾನಿ ಗಿರಾಕಿರಿ, ಎಲ್ಲಿರ್ತದ ಚಿಲ್ಲರ?
ಹತ್ತಕ್ಕ ಎಂಬತ್ತು, ಎರಡಕ್ಕ ಹದಿನಾರು, ತೊಂಬತ್ತಾರಾತು.
ನಾಕಕ್ಕ ಅರ್ಧ ರೊಟ್ಟಿ.
ಅವರಿಗೂ ಲುಕ್ಸಾನ್ ಇಲ್ಲ, ನಮಗೂ ಇಲ್ಲ."

ನಾನು ಕೇಳುತ್ತಿದ್ದ ಹಂತಗಳು ಅವೇ.
ಭಿನ್ನರಾಶಿ ಇನ್ನೂ ಒಂಬತ್ತನೇ ಪಾಠ, ದೀಪಾವಳಿ ಕಳೆದ ಮೇಲೆ.

ಇಮ್ತಿಯಾಜ ಟವೆಲ್ ಬಿಚ್ಚಿ ಮತ್ತೆ ಹುಡುಗನಾದ:
"ಮತ್ತ ಆ ಇನ್ನರ್ಧ ಯಾರದು?"
"ನಂದು," ಅಂದಳು, ಅದೇನು ಕೇಳುವ ಮಾತೇ ಎಂಬಂತೆ,
"ಸಾಲಿಗಿ ಬರೂ ಮುಂದ ತಿನ್ಕೋತ ಬರ್ತೀನಿ."

ನಾನು ಸೀಮೆಸುಣ್ಣ ಹಿಡಿದು ಹಲಗೆಗೆ ಹೋದೆ.
ನೂರು ಬರೆದೆ. ಎಂಟು, ಹನ್ನೆರಡು ಬರೆದೆ.
ಈ ಸಲ ನಾನೇ ಕೇಳಿದೆ:
ಏನು ಮಾಡೋಣ, ಕೂಡೋಣವೋ, ಕಳೆಯೋಣವೋ?
"ಮುರಿಯೂದ್ರಿ!" ಅಂದ ಮಲ್ಕಣ್ಣ,
"ನೋಟು ಮುರಸಾಕ ಬರಲಿಲ್ಲಂದ್ರ ರೊಟ್ಟಿ ಮುರಿಯೂದು."

ತರಗತಿ ನಕ್ಕಿತು, ನಾನೂ.
ಹಲಗೆಯ ಮೂಲೆಯಲ್ಲಿ ನಿನ್ನೆಯ ರಾಧಾ ಅಳಿಸದೆ ಉಳಿದಿದ್ದಳು,
ಐದು ಪೆನ್ನು, ಒಂದು ಹತ್ತರ ಬಿಲ್ಲೆ ಹಿಡಿದುಕೊಂಡು,
ಯಾರ ಮಗಳೆಂದು ಇನ್ನೂ ಗೊತ್ತಿಲ್ಲದೆ.