ಅಂತೆ

ಗುತ್ತಲು ರಸ್ತೆಯ ಹಿಟ್ಟಿನ ಗಿರಣಿಯಲ್ಲಿ
ತೂಕ ಬರೆಯುವವನು ನಾನು.
ರಾಗಿ ಎಂಟು ಕೆಜಿ, ಜವರಮ್ಮ.
ಗೋಧಿ ಮೂರು, ಮೇಷ್ಟ್ರ ಮನೆ.
ಅದೇ ಲೆಕ್ಕದ ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ತೆಗೆದರೆ
ನನ್ನ ಕತೆಗಳು, ಹಿಟ್ಟು ಕೂತ ಅಕ್ಷರದಲ್ಲಿ.

ಮೊದಲ ಕತೆಯಲ್ಲಿ ಎಲ್ಲ ನಾನೇ ಹೇಳಿದ್ದೆ.
ಬಂದಳು. ಅತ್ತಳು. ಕಣ್ಣು ಹೀಗಿತ್ತು, ಮನಸ್ಸು ಹಾಗಿತ್ತು.
ಅಕ್ಕ ಹುರುಳಿಯಲ್ಲಿ ಕಲ್ಲು ಆರಿಸುತ್ತಾ ಕೇಳಿ
"ಅವ್ಳ ವಿಸ್ಯ ಯಾರೂ ಏನೂ ಅನ್ನಾಕಿಲ್ವ?" ಅಂದಳು.
"ಯಾರ ಬಾಯ್ಗೂ ಬೀಳದ ಹೆಂಗ್ಸು
ಯಾವೂರಲ್ಲವಳೆ, ತೋರ್ಸಪ್ಪ."

ಅವತ್ತಿನಿಂದ ಕಿವಿ ಕೊಟ್ಟೆ.

ಗಿರಣಿಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು,
ಬೆಲ್ಟಿನ ಸದ್ದು ಹಾಗೆ.
ಸೆರಗು ಅಡ್ಡ ಹಿಡಿದು, ಕಿವಿಗೆ ಬಾಯಿಟ್ಟು
ಗಂಟಲು ಹರಿಯುವ ಹಾಗೆ ಪಿಸುಮಾತು.
ಮಾತೆಲ್ಲ ಇಂದ್ರಾಣಿಯದು.
ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು,
ಸಕ್ಕರೆ ಕಾರ್ಖಾನೆ ಹಿಂದಿನ ವಠಾರದಲ್ಲಿ ಒಂಟಿ.
ನಾನು ಕಂಡವನಲ್ಲ. ಅವಳ ರಾಗಿ ತರುತ್ತಿದ್ದದ್ದು
ಪಕ್ಕದ ಮನೆ ಹುಡುಗ.
(ಒಬ್ಬಳಿಗೆ ವಾರಕ್ಕೆ ಐದು ಕೆಜಿಯ? ಅದೂ ಒಂದು ಮಾತು.)

ಮೂಗುಬೊಟ್ಟು ಅಡ ಮಡಗಿದಳಂತೆ,
ಅಂದ ನಿಂಗಾಜಮ್ಮ ತನ್ನ ಬರಿಮೂಗು ಸವರಿಕೊಂಡಳು.
ಮದುವೆ ಅಂದ್ರೆ ನಗ್ತಾಳಂತೆ,
ಅಂದ ಜವರಮ್ಮನಿಗೆ ಮೂರು ಹೆಣ್ಣು.
"ನಮಗ್ಯಾಕಪ್ಪ ಇನ್ನೊಬ್ಬರ ಸುದ್ದಿ" ಎಂದು ಶುರುಮಾಡಿದ ಮೇಷ್ಟ್ರ ಹೆಂಡತಿ
ಬಿಸಿ ಹಿಟ್ಟು ಆರಿ ತಣ್ಣಗಾದರೂ ನಿಲ್ಲಿಸಲಿಲ್ಲ.
ರಾತ್ರಿ ಬರೆದದ್ದು ಓದಿಕೊಂಡೆ.
ಇಂದ್ರಾಣಿಯ ಮುಖ ಎಲ್ಲೂ ಇರಲಿಲ್ಲ.
ಮೂಡಿದ್ದು ನಿಂಗಾಜಮ್ಮನ ಮೂಗು.

ಅಂತೆ ಅನ್ನುವುದು ಮಸಿಬಟ್ಟೆ.
ಕುದಿಯುವ ಪಾತ್ರೆ ಇಳಿಸುತ್ತದೆ, ಕೈ ಸುಡುವುದಿಲ್ಲ.
ಬಟ್ಟೆಯಲ್ಲಿ ಮಾತ್ರ ಹಿಡಿದ ಬೆರಳಿನ ಗುರುತು.

ಆಷಾಢದ ಒಂದು ಮಂಗಳವಾರ ಕರೆಂಟು ಹೋಯಿತು.
ಬೆಲ್ಟು ನಿಂತಿತು,
ನಿಂಗಾಜಮ್ಮನ ಗಂಟಲು ನಿಲ್ಲಲಿಲ್ಲ:
"ರಾತ್ರಿ ಅನ್ನೊಂದರ ಬಸ್ಸಲ್ಲಿ ಬಂದಿಳೀತಾಳಂತೆ ಕಣೆ, ಇಂದ್ರಾಣಿ!"

ಆಮೇಲೆ ಕೆಳಗಿಳಿಯುವ ಹಿಟ್ಟಿನ ಧೂಳು ಬಿಟ್ಟರೆ
ಅಲ್ಲಿ ಯಾರೂ ಅಲುಗಲಿಲ್ಲ.
ಬಾಗಿಲಲ್ಲಿ ನೀಲಿ ಡಬ್ಬ ಹಿಡಿದು ನಿಂತ ಹೆಂಗಸು
"ಬಸ್ಸಲ್ಲ ಕಣಮ್ಮ" ಅಂದಳು.
"ಗೆಜ್ಜಲಗೆರೆ ಡೈರಿ ವ್ಯಾನು."

ಅಷ್ಟೇ.
ಯಾಕೆ ಅನ್ನಲಿಲ್ಲ, ಯಾರ ಜೊತೆ ಅನ್ನಲಿಲ್ಲ.
ಹುಡುಗನಿಗೆ ಜ್ವರ ಎಂದು ಡಬ್ಬ ತಕ್ಕಡಿಗಿಟ್ಟಳು.
ಐದು ಕೆಜಿ ಇನ್ನೂರು ತೋರಿಸಿತು ಮುಳ್ಳು.
ಹೆಸರು, ಅಂದೆ. ಗೊತ್ತಿದ್ದೂ ಅಂದೆ.
ಪುಸ್ತಕ ನನ್ನ ತೊಡೆಯ ಮೇಲೆ ಹಿಂದಿನ ಪುಟಕ್ಕೆ ತೆರೆದಿತ್ತು.
"ಬರ್ಕೊಂಡಿದೀರಲ್ಲ" ಅಂದಳು.
ನರ ಹುಡುಕುವವರ ಹಾಗೆ ಪುಟದ ಮೇಲೆ ಬೆರಳಾಡಿಸಿ
ಒಂದು ಸಾಲಿನ ಹತ್ತಿರ ನಿಲ್ಲಿಸಿ, ಏನೂ ಹೇಳದೆ,
ಕಾಯಲು ಹೋಗಿ ಜವರಮ್ಮನ ಪಕ್ಕವೇ ಕೂತಳು.
ಜವರಮ್ಮ ಚೀಲ ಸರಿಸಿ ಜಾಗ ಬಿಟ್ಟಳು.

ಯಾವ ಸಾಲು ಎಂದು ಇವತ್ತಿಗೂ ಹುಡುಕುತ್ತೇನೆ.
ಬಸ್ಸು ಹೊಡೆದು ವ್ಯಾನು ಮಾಡಿದೆ.
ಕತೆಗೆ ಹಾಲಿನ ಕ್ರೇಟುಗಳ ಸದ್ದು ಬಂತು,
ಮಿಕ್ಕದ್ದೆಲ್ಲ ಇನ್ನಷ್ಟು ಕತ್ತಲಾಯಿತು.

ಮುಂದಿನ ವಾರ ಹುಡುಗನೇ ಬಂದ.
ಹಿಟ್ಟು ಬೀಳುವವರೆಗೆ ಸುಮ್ಮನಿದ್ದು, ನನ್ನ ಕಿವಿಗೆ ಬಾಯಿಟ್ಟು
ಕೂಗಿದ:
"ಆಂಟಿಗೆ ಇನ್ನೂರು ಗ್ರಾಂ ಲೆಕ್ಕದಲ್ಲಿ ಬಿಟ್‌ಬಿಟ್ರಂತೆ?
ಕೈ ನಡುಗ್ತಿತ್ತಂತೆ?"

ಬಿಟ್ಟಿದ್ದೆನೇ? ನಡುಗಿತ್ತೇ?
ಪುಸ್ತಕ ಎಳೆದುಕೊಂಡು ನೋಡಿದೆ,
ಹಿಂದಿನಿಂದ.