ಒಂದಿಲ್ಲದ ಎಣಿಕೆ

ಮೆಕಾಂಗ್ ನದಿ ಕವಲೊಡೆದು ಕಡಲಿಗೆ ಬೀಳುವ ಸೀಮೆಯಲ್ಲಿ
ಕುಯ್ಲು ಮುಗಿದ ಗದ್ದೆಯ ಕೂಳೆಗೆ
ದೋಣಿಯಿಂದ ಬಾತುಗಳನ್ನು ಇಳಿಸುತ್ತಾನೆ ಸಾವ್ ಖ್ಯೆಮ್.
ಎರಡು ಸಾವಿರದ ನಾನೂರು.
ಎಣಿಸಿದವನು ಅವನೇ, ಆದ್ದರಿಂದ ಹತ್ತಿಪ್ಪತ್ತು ಆಚೀಚೆ.

ಸಾವ್ ಅಂದರೆ ಅಲ್ಲಿ ಆರು.
ನಮ್ಮ ಕಿವಿಗೆ ಬೇರೇನೋ ಕೇಳಿಸಿದರೆ ಅದು ಅವನ ತಪ್ಪಲ್ಲ.
ಹುಟ್ಟಿದ್ದು ಐದನೆಯವನಾಗಿ.
ಆ ಕಡೆ ಚೊಚ್ಚಲ ಮಗುವನ್ನೇ ಎರಡು ಎಂದು ಕೂಗುತ್ತಾರೆ,
ಒಂದು ಎಂಬ ಹೆಸರು ಯಾರಿಗೂ ಇಲ್ಲ.
ಕೆಟ್ಟ ಗಾಳಿ ಮೊದಲನೆಯದನ್ನು ಹುಡುಕಿಕೊಂಡು ಬಂದರೆ
ಅಂಥವರು ಇಲ್ಲಿಲ್ಲ ಎನ್ನಬೇಕಲ್ಲ, ಎನ್ನುತ್ತಾನೆ ಖ್ಯೆಮ್.
ಮನೆಮನೆಯಲ್ಲೂ ಒಂದು ಖಾಲಿ ಮಣೆ.

ಮೋಟಾರುಬೈಕಿನ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿಕೊಂಡು
ಪ್ರಯೋಗಾಲಯದಿಂದ ದಿಯೆಪ್ ಬಂದಿದ್ದಾಳೆ.
ಹತ್ತಿ ಸುತ್ತಿದ ಕಡ್ಡಿ: ಗಂಟಲಿಗೊಂದು, ಬಾಲದಡಿಗೊಂದು.
ಬಾತು ಕತ್ತು ಹೊರಳಿಸಿ ಅವಳ ಕೈಗಡಿಯಾರ ಕುಕ್ಕುತ್ತದೆ.

"ಆ ವರ್ಷ ಲುವಾಳ ಮೂವತ್ತೊಂದು ಕೋಳಿ
ಸಂಜೆ ನುಚ್ಚು ತಿಂದು ಮಲಗಿದವು.
ಬೆಳಗ್ಗೆ ಹುಂಜ ಕೂಗಲಿಲ್ಲ. ಕೂಗದ್ದಕ್ಕೇ ನನಗೆ ಎಚ್ಚರವಾಯಿತು.
ಜುಟ್ಟೆಲ್ಲ ನೇರಳೆ ಹಣ್ಣಿನ ಬಣ್ಣ.
ನನ್ನ ಬಾತುಗಳು ಕುಡಿದದ್ದೂ ಅದೇ ನೀರು, ಮೆತ್ತಿಕೊಂಡದ್ದೂ ಅದೇ ಕೆಸರು.
ಒಂದಾದರೂ ಸೀನಬೇಡವೇ!
ಸುಣ್ಣದ ಚೀಲ ಹೊತ್ತು ಬಂದವರು ಅವನ್ನೂ ಹೂತರು.
ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ,
ಬಾತನ್ನು ಕೇಳಿ ಗುಂಡಿ ತೋಡುತ್ತಾರೆಯೇ.
ಲುವಾ ಮಾತ್ರ ಬಾತುಗಳದ್ದೇ ತಪ್ಪು ಎಂದಳು.
ಸಾಯುವ ತನಕ ಅವುಗಳ ಮೊಟ್ಟೆ ಮುಟ್ಟಲಿಲ್ಲ."

ದಿಯೆಪ್ ಪೆಟ್ಟಿಗೆ ಮುಚ್ಚಿ ಅದರ ಮೇಲೆಯೇ ಕೂತಳು.

ಜೀವಕೋಶದೊಳಗೆ ಕಾವಲಿನವರಿದ್ದಾರೆ, ಅಜ್ಜ.
ಯಾರೂ ಕಲಿಸಿದ್ದಲ್ಲ, ಮೊಟ್ಟೆಯೊಳಗಿಂದಲೇ ಬಂದವರು.
ಅವರಲ್ಲೊಬ್ಬ ಕುರುಡ, ಎಳೆಗಳ ತುದಿ ತಡವುವುದೇ ಅವನ ಕೆಲಸ.
ಗಂಟು ಹಾಕಿದ ತುದಿಯಾದರೆ ಮನೆಯ ನೂಲು.
ಬೋಳು ತುದಿ ಬೆರಳಿಗೆ ತಾಗಿತೋ, ಚೀರುತ್ತಾನೆ.
ಪಕ್ಕದ ಕೋಶ ಅಗುಳಿ ಹಾಕಿಕೊಳ್ಳುತ್ತದೆ, ಅದರ ಪಕ್ಕದ್ದೂ.
ಒಂದು ಹಗಲು, ಒಂದು ರಾತ್ರಿ ಗದ್ದಲ. ಆಮೇಲೆ ಗಪ್ ಚಿಪ್.
ಬಾತು ಬದುಕುವುದು ಚೀರಿದ್ದಕ್ಕಷ್ಟೇ ಅಲ್ಲ,
ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿದ್ದಕ್ಕೂ.

ಕೋಳಿಗೆ ಆ ಕುರುಡನಿಲ್ಲ.
ಯಾವ ಮುತ್ತಜ್ಜಿಯ ಕಾಲಕ್ಕೆ ಕಳೆದುಹೋದನೋ, ಏಕೋ, ಗೊತ್ತಿಲ್ಲ.
ಉಳಿದ ಕಾವಲಿನವರು ಕೈಲಾದಷ್ಟು ಮಾಡುತ್ತಾರೆ,
ಕೆಲವೊಮ್ಮೆ ತಡವಾಗಿ, ಕೆಲವೊಮ್ಮೆ ಮನೆಗೇ ಬೆಂಕಿ ಹಚ್ಚಿ.

ಬಾತಿನ ಹಿರಿಯರು ನೀರು ಬಿಡಲಿಲ್ಲ, ವೈರಸ್ಸೂ ಬಿಡಲಿಲ್ಲ.
ಅದು ವೇಷ ಬದಲಿಸಿತು, ಇವರ ಬೆರಳು ಬದಲಾಯಿತು.
ಒಂದು ಅಕ್ಷರಕ್ಕೆ ಎಷ್ಟು ಸಾವಿರ ಗೂಡು!
ಇದನ್ನು ಕಲಿಯುವುದು ಎನ್ನಬೇಡಿ.
ಕಲಿತವರು ಯಾರೂ ಇಲ್ಲ,
ಉಳಿದವರಿದ್ದಾರೆ.

ಖ್ಯೆಮ್ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ.
"ಹಾಗಾದರೆ ಆ ರಾತ್ರಿ ಅದು ನನ್ನ ಬಾತುಗಳ ಹೊಟ್ಟೆಯಲ್ಲಿತ್ತೇ?"
ಇದ್ದಿರಬಹುದು. ಕೊಲ್ಲದೆ, ತಾನೂ ಪೂರ್ತಿ ಸಾಯದೆ
ನೀರಿಗಿಳಿದು ಹೋಗಿರಬಹುದು.
"ಅಂದರೆ ಲುವಾ ಹೇಳಿದ್ದು ಸರಿ."

ದಿಯೆಪ್ ಉತ್ತರಿಸದೆ ನಳಿಕೆಗಳ ಮೇಲೆ ಅಂಕಿ ಬರೆದಳು.
ಮೊದಲನೆಯದಕ್ಕೆ ಒಂದು ಎಂದೇ ಬರೆದಳು,
ಪ್ರಯೋಗಾಲಯಕ್ಕೆ ಗಾಳಿಯ ಹೆದರಿಕೆಯಿಲ್ಲ.
ಅವನು ಆ ಅಂಕಿಯನ್ನೇ ನೋಡಿದ.
"ನಮ್ಮ ಖಾಲಿ ಮಣೆ ನಮ್ಮನ್ನು ಕಾಯುತ್ತದೆ ಎಂದುಕೊಂಡಿದ್ದೆವು,"
ಎಂದ, "ಕೋಳಿಯ ಮನೆಯಲ್ಲಿ ನೋಡು."

ಸಂಜೆ ಕಾಲುವೆಯ ನೀರು ತಾಮ್ರವಾಯಿತು.
ಹಲಗೆ ಇಳಿಬಿಟ್ಟು ಸಿಳ್ಳೆ ಹಾಕಿದ.
ಮೊದಲ ಬಾತು ಕೆಸರುಗಾಲಲ್ಲಿ ಹತ್ತಿ ಒಳಗೆ ಹೋಯಿತು.
ಅವನು ತುಟಿ ಬಿಚ್ಚಲಿಲ್ಲ.
ಮುಂದಿನದು ಬಂದಾಗ, ಸಣ್ಣಗೆ,
ಎರಡು, ಎಂದ.