ಬಲಗಡೆಯ ಗಾಜು

ಹಿಡಿಕೆಯ ಬೆನ್ನಿಗೆ ಸ್ಕ್ರೂಡ್ರೈವರ್ ಕೊಟ್ಟು
ಒಳಗಿನ ಪಿನ್ನು ಮೆಲ್ಲಗೆ ತಳ್ಳಿದೆ.
ರಟ್ಟು ಕಳಚಿ ಬಂತು. ಬಾಗಿಲ ಹೊಟ್ಟೆಯಿಂದ
ಒಂದು ಸೇರು ಕೆಂಪು ದೂಳು
ನನ್ನ ತೊಡೆಯ ಮೇಲೆ ಸುರಿಯಿತು.
ಸಂಡೂರಿನ ಗುಡ್ಡ, ಲಾರಿಗಳ ಹಿಂದೆ ಹಿಂದೆ ಬಂದು
ಇಲ್ಲಿ ಮನೆ ಮಾಡಿಕೊಂಡಿತ್ತು.

ಎಪ್ಪತ್ತೆರಡರ ಫಿಯೆಟ್ಟು.
ಕಂಪ್ಲಿಯ ಹುಡುಗನೊಬ್ಬ ಕೊಂಡಿದ್ದಾನೆ,
ಮದುವೆಯ ಫೋಟೋಕ್ಕೆ ಬಾಡಿಗೆ ಬಿಡಲು.
"ಎಂಜಿನ್ ಓಡದಿದ್ರೂ ನಡೀತೈತಿ ಹೊನ್ನೂರಣ್ಣ,
ಗಾಜು ಮಾತ್ರ ಇಳೀಬೇಕು.
ಸ್ಟೇರಿಂಗ್ ಹಿಡಿದು ಮದುಮಗಳು
ಮುಖ ಹೊರಗ ಹಾಕ್ಬೇಕಲ್ಲ."
ಬೆಣ್ಣೆಯ ಬಣ್ಣ ಬಳಿಸಿದ್ದಾನೆ.
ಬಾಗಿಲ ಅಂಚು ಕೆರೆದರೆ ಕೆಳಗೆ ಹಳದಿ,
ಹಳದಿಯ ಮೇಲೆ ಕಪ್ಪಕ್ಷರದ ಒಂದು ಬಾಲ:
ಡ್ರೈವಿಂಗ್ ಸ್ಕೂಲಿನ ಕೊನೆಯ 'ಲ್'.
ನಂಬರು ನೋಡುವುದೇ ಬೇಕಿರಲಿಲ್ಲ.

ತೊಂಬತ್ತನಾಲ್ಕು, ಆರ್‌ಟಿಒ ಮೈದಾನ.
ಪಕ್ಕದಲ್ಲಿ ಇನ್‌ಸ್ಪೆಕ್ಟರು. ಬಲಕ್ಕೆ ತಿರುಗು ಎಂದರು.
ಬಲಕ್ಕೆ ತಿರುಗುವವನು ಮೊದಲು ಕೈ ಚಾಚಬೇಕು.
ಗಾಜು ನಾಲ್ಕು ಬೆರಳು ಇಳಿದು ನಿಂತಿತು.
ಬೆರಳಷ್ಟೇ ಹೊರಗೆ ತೂರಿಸಿ ಅಲ್ಲಾಡಿಸಿದೆ,
ಗೂಡಿನಿಂದ ಇಣುಕಿದ ಮರಿಯ ಹಾಗೆ.
ಇನ್‌ಸ್ಪೆಕ್ಟರು ನಕ್ಕರು. ನಗುನಗುತ್ತಲೇ ಫೇಲು ಮಾಡಿದರು.
ಗಾದಿಲಿಂಗಪ್ಪ ಮೇಷ್ಟ್ರು ಬೇವಿನ ನೆರಳಲ್ಲಿ ನಿಂತು
ಸಿಟ್ಟಿಗೆಂದೇ ಮೀಸಲಿಟ್ಟ ತೆಲುಗಿನಲ್ಲಿ ಬೈದರು
ನನ್ನನ್ನೋ, ಗಾಜನ್ನೋ, ಇನ್ನೂ ತಿಳಿದಿಲ್ಲ.

ಗಾಜು ಎತ್ತುವ ಕತ್ತರಿ ಹೊರಗೆಳೆದು
ಸೀಮೆಎಣ್ಣೆಯಲ್ಲಿ ತೊಳೆದೆ.
ಕುಡುಗೋಲಿನ ಹಾಗೆ ಬಾಗಿದ ಹಲ್ಲಿನ ಪಟ್ಟಿ:
ಎರಡೂ ತುದಿಯ ಹಲ್ಲು ಇನ್ನೂ ಚೂಪು,
ನಡುವಿನ ಏಳು ಮಾತ್ರ ಸವೆದು ಮೊಂಡು.
ಇಪ್ಪತ್ತು ವರ್ಷ ಈ ಊರಿನ ಕಲಿಯುವವರೆಲ್ಲ
ಇದನ್ನು ಪೂರ್ತಿ ಮುಚ್ಚಿದ್ದು ಕಡಿಮೆ, ತೆರೆದದ್ದೂ ಕಡಿಮೆ.
ಕೈ ಚಾಚುವಷ್ಟು ಇಳಿಸು,
ದೂಳು ಬಂತು, ಏರಿಸು,
ಎದುರಿಗೆ ಲಾರಿ ಬಂತು, ಏನೂ ತೋಚದೆ ಸುಮ್ಮನೆ ತಿರುವು.
ಬ್ಯಾಂಕಿನ ಸುಲೋಚನಮ್ಮ, ಜೀನ್ಸ್ ಹೊಲಿಯುವ ಮಾಬಾಷ,
ಎಲ್ಲರ ಹೆದರಿಕೆಯೂ ಅದೇ ಏಳು ಹಲ್ಲಿನಲ್ಲಿ.
ನನ್ನದೂ ಒಂದೆರಡು ಎಳೆ ಇರಬೇಕು.

ಹೊಸದು ಸಿಗುವುದಿಲ್ಲ, ಬೊಂಬಾಯಿಯಲ್ಲೂ ಇಲ್ಲವಂತೆ.
ಹಿತ್ತಾಳೆ ಕರಗಿಸಿ ತುಂಬಿದೆ.
ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲು ತೀಡಿದೆ.
ನಾಲ್ಕನೆಯದು ಕೆಟ್ಟಿತು. ಮತ್ತೆ ಕರಗಿಸಿದೆ.

ಚಾನೆಲ್ಲಿನ ಫೆಲ್ಟು ಮುಟ್ಟಿದರೆ ಬೂದಿ.
ರಬ್ಬರು ಹಾಕಿ ನೋಡಿದೆ, ಬಿಸಿಲಿಗೆ
ಗಾಜನ್ನು ಅಪ್ಪಿಕೊಂಡದ್ದು ಬಿಡಲೇ ಇಲ್ಲ.
ಮಾಬಾಷನ ಮಗ ಜೀನ್ಸಿನ ತುಂಡು ತಂದುಕೊಟ್ಟ;
ಅದು ದೂಳು ಬಚ್ಚಿಟ್ಟುಕೊಂಡು ಗಾಜು ಗೀರುತ್ತದೆ.
ಕೊನೆಗೆ ಮನೆಯ ಕರೀ ಕಂಬಳಿ ನೆನಪಾಯಿತು.
ಹುಳ ತಿಂದ ಅಂಚು ಬಿಟ್ಟು
ಬೆರಳಗಲದ ಪಟ್ಟಿ ಕತ್ತರಿಸಿದೆ.
(ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅದು ಬೇರೆ ವಿಷಯ.)
ಅಂಟು ಸವರಿ, ಚಾಕುವಿನ ಬೆನ್ನಿಂದ ಮೂಲೆಗೆ ಕೂರಿಸಿ,
ಮೇಣದ ಬತ್ತಿ ಉಜ್ಜಿ ಗಾಜು ಇಳಿಬಿಟ್ಟೆ.
ಕುರಿಯ ಬೆನ್ನ ಮೇಲೆ ಕೈ ಜಾರಿದ ಹಾಗೆ ಹೋಯಿತು.

ಮೇಷ್ಟ್ರಿಗೆ ಹೇಳಿ ಕಳಿಸಿದ್ದೆ. ಬಂದರು,
ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಹಿಡಿದು.
ಬೆಣ್ಣೆಯ ಬಣ್ಣ ನೋಡಿ ಮುಖ ಹುಳ್ಳಗೆ ಮಾಡಿದರು.
ಎಡಗಡೆ ಸೀಟಿನಲ್ಲಿ ಕೂತರು, ಯಾರನ್ನೂ ಕೇಳದೆ.
ಕಾಲು ತಾನಾಗಿ ಹುಡುಕಿತು ಅವರ ಬದಿಯ ಬ್ರೇಕನ್ನು.
ಅದನ್ನು ಯಾವಾಗಲೋ ಕಿತ್ತಿದ್ದಾರೆ, ತೂತಷ್ಟೇ ಇದೆ.
ತೂತಿನ ಮೇಲೆ ಚಪ್ಪಲಿಯೂರಿ
ರಸ್ತೆ ನೋಡುತ್ತ ಅಂದರು, "ಬಲಕ್ಕೆ."

ತಿರುವಿದೆ. ಮೂರೂವರೆ ಸುತ್ತು.
ಹಿತ್ತಾಳೆ ಒಂದೊಂದಾಗಿ ಕಚ್ಚಿ ಬಿಟ್ಟಿತು.
ಕೌಲ್ ಬಜಾರಿನ ಬಿಸಿಲಿಗೆ
ಭುಜದ ತನಕ ಕೈ ಚಾಚಿದೆ.
ಹಿಂದೆ ಬರುತ್ತಿದ್ದ ಆಟೋದವನು ನಿಜವೆಂದು ನಂಬಿ
ಗಕ್ಕನೆ ನಿಂತ, ನಿಂತು ಬೈದ,
ನಾವು ಅಲುಗದ್ದು ಕಂಡು ಇನ್ನಷ್ಟು ಬೈದ.
ಮೇಷ್ಟ್ರು ಮಂಡಕ್ಕಿ ಜಗಿಯುತ್ತಿದ್ದರು.
"ಅಂಗೈ ಮುಂದಕ್ಕಿರಲಿ," ಅಂದರು.